ಮೂರನೆಯ ಪ್ಲಗ್

ಜನವರಿ 9, ಬೆಳಿಗ್ಗೆ

ಕಿರ್ಗಿಸ್ತಾನದ ನಾರಿನ್‌ನಿಂದ ಚೀನಾ ಗಡಿಯವರೆಗೆ ನನ್ನಷ್ಟು ಎಂಜಿನ್ ಬಲ್ಲವನು ಹುಟ್ಟಿಲ್ಲ. ಒಮ್ಮೆ ಕೆಟ್ಟು ಕೂತ ಹೆಲಿಕಾಪ್ಟರನ್ನು ಬರೀ ಚಮಚದಲ್ಲಿ ರಿಪೇರಿ ಮಾಡಿ ಹಾರಿಸಿದ್ದೇನೆ. ಪೈಲಟ್ ಅತ್ತೇಬಿಟ್ಟ.

ಮೈನಸ್ ಮೂವತ್ತು ಡಿಗ್ರಿ ಚಳಿ. ಅಕ್ಕನ ಮಗಳು ಐಜಾರ್ಕಿನ್‌ಳ ಟ್ಯಾಕ್ಸಿ ಸ್ಟಾರ್ಟ್ ಆಗಲಿಲ್ಲ. ಎಂದಿನಂತೆ ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ ತಂದು ಒಲೆಯ ಮೇಲಿಟ್ಟೆ, ಚಹಾ ಕೆಟಲಿನ ಪಕ್ಕ. ಬಿಸಿ ಪ್ಲಗ್ ಹಾಕಿದರೆ ಎಂಜಿನ್ ಎದ್ದೇಳುತ್ತದೆ. ಅಪ್ಪನ ವೋಲ್ಗಾ ಕಾರಿನ ಕಾಲದಿಂದ ಹೀಗೇ.

ಅವಳು ಬಿಗಿ ಅಳೆಯುವ ಟಾರ್ಕ್ ವ್ರೆಂಚ್ ಹಿಡಿದು ಅಡ್ಡ ನಿಂತಳು.

"ಮಾವ, ಇದರ ಎಂಜಿನ್ ಹೆಡ್ಡು ಅಲ್ಯೂಮಿನಿಯಂ, ಮೆತ್ತಗಿರುತ್ತೆ. ಆರಿದ ಮೇಲೆ ಹಾಕು. ಈ ವ್ರೆಂಚನ್ನ ಇಪ್ಪತ್ತೈದಕ್ಕೆ ಇಟ್ಟಿದೀನಿ. ಟಕ್ ಅಂದ ತಕ್ಷಣ ನಿಲ್ಸಿಬಿಡು."

"ನನ್ನ ಮಣಿಕಟ್ಟೇ ಟಕ್ ಅನ್ನುತ್ತೆ ಕಣೇ."

"ಅದು ವಯಸ್ಸಾಗಿ ಅನ್ನೋದು."

ನಕ್ಕೆ. ಹಳೆಯ ಸ್ಪ್ಯಾನರ್‌ನಲ್ಲೇ ಬಿಗಿದೆ. ಬಿಸಿ ಪ್ಲಗ್ ಆರಿದಾಗ ಸಡಿಲವಾಗುತ್ತದಲ್ಲ... ಅದಕ್ಕೇ ಮೂರನೆಯದಕ್ಕೆ ಇನ್ನೊಂದು ಸುತ್ತು. ಸ್ಪ್ಯಾನರ್ ಫಕ್ಕನೆ ಹಗುರವಾಯಿತು. ಚಳಿಗೆ ಬೆರಳು ಮರಗಟ್ಟಿತ್ತು, ಗೊತ್ತಾಗಲಿಲ್ಲ. ಅಥವಾ ಗೊತ್ತಾಯಿತೋ.

ಗಾಡಿ ಸ್ಟಾರ್ಟ್ ಆಯಿತು. ಹೋದಳು.

ಅದೇ ದಿನ, ಸಂಜೆ

ಎಂಜಿನ್ ಬುಸುಗುಡುತ್ತ ಬಂತು. ಅವಳು ಊಟಕ್ಕೆ ಕೂತಾಗ ಮೂರನೆಯ ಪ್ಲಗ್ ಬಿಚ್ಚಿದೆ. ಹೆಡ್ಡಿನೊಳಗಿನ ತಿರುಪಿನ ಎಳೆಯೇ ಪ್ಲಗ್ ಜೊತೆ ಸುರುಳಿಯಾಗಿ ಕಿತ್ತು ಬಂತು. ಪ್ಲಗ್‌ಗೆ ತಾಮ್ರದ ತಂತಿ ಸುತ್ತಿ ಒತ್ತಿ ಕೂರಿಸಿದೆ.

"ಸರಿ ಹೋಯ್ತಾ ಮಾವ?"

"ಫ್ಯಾಕ್ಟರಿಗಿಂತ ಗಟ್ಟಿ."

ಜನವರಿ 12

ಹಿಮ. ನನ್ನ ಹೆಣ್ಣು ಕುದುರೆಗೆ ಹುಲ್ಲು ಹಾಕಿದೆ. ಬೇರೇನಿಲ್ಲ.

ಜನವರಿ 13

ದೊಲೋನ್ ಘಾಟಿಯ ನೆತ್ತಿಯಲ್ಲಿ ಮೂರನೆಯ ಪ್ಲಗ್ ಗುಂಡಿನಂತೆ ಹಾರಿ ಬಾನೆಟ್ಟಿಗೆ ಬಡಿದಿದೆ. ಗಾಡಿಯಲ್ಲಿ ಒಬ್ಬ ಬಾಣಂತಿ, ಕೂಸು. ಐಜಾರ್ಕಿನ್ ತನ್ನ ಕೋಟು, ಫೆಲ್ಟ್ ಬೂಟು ಬಿಚ್ಚಿ ಅವರಿಗೆ ಕೊಟ್ಟಿದ್ದಾಳೆ. ಕಲ್ಲಿದ್ದಲು ಲಾರಿ ಬರುವವರೆಗೆ ಕಾದರಂತೆ. ಕೂಸು ಚೆನ್ನಾಗಿದೆ. ಇವಳ ಎರಡು ಕಾಲ್ಬೆರಳು ಚಳಿಗೆ ಕಪ್ಪಾಗಿವೆ. ಉಳಿಯುತ್ತವೋ ಇಲ್ಲವೋ, ಡಾಕ್ಟರ್ ಹೇಳಲಿಲ್ಲ.

ಅಂಗೈಯಲ್ಲಿ ತಾಮ್ರದ ತಂತಿ ಚಾಚಿದಳು.

"ನಿಂಗೆ ಗೊತ್ತಿತ್ತು ಅಲ್ವಾ?"

"ಹೂಂ."

ಚಹಾ ಕೊಟ್ಟೆ. ಕುಡಿಯಲಿಲ್ಲ. ಅದನ್ನು ನಾನೇ ಕುಡಿದೆ. ಬಿಸಿಯಿತ್ತೋ ಇಲ್ಲವೋ.

ಜನವರಿ 20

ಹೊಸ ಹೆಡ್ಡು ಕೂತಿತು. ಕುಂಟುತ್ತಲೇ ಬಂದು ಪ್ಲಗ್ ಎಲ್ಲ ಅವಳೇ ಬಿಗಿದಳು, ತಣ್ಣಗಿರುವಾಗಲೇ. ಟಕ್. ಟಕ್. ನಾನು ಟಾರ್ಚ್ ಹಿಡಿದಿದ್ದೆ. ಸ್ಪ್ಯಾನರ್ ಮುಟ್ಟು ಅನ್ನಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ.

ಬೇಲಿಯಾಚೆಯಿಂದ ನೆರೆಮನೆಯ ಶಮಿರಾತ್: "ಲಾಯ ಖಾಲಿ ಕಾಣುತ್ತಲ್ಲೋ!"

"ಕುದುರೇನ ಬಿಷ್ಕೆಕ್‌ನ ರೇಸ್ ಸಾಹುಕಾರ ಕೊಂಡುಕೊಂಡ. ಒಂದೂವರೆ ಲಕ್ಷ ಸೋಮ್! ಬೆಳ್ಳಿ ಜೀನು ಹಾಕಿಸ್ತಾನಂತೆ."

"ಹಾಗಾದ್ರೆ ನೀನೊಂದು ಹೊಸ ಟೋಪಿ ತಗೋ ಮಾರಾಯ. ಇದನ್ನ ಮೇಕೆಯೂ ತಿನ್ನಲ್ಲ."

ಜೋರಾಗಿ ನಕ್ಕೆವು. ಐಜಾರ್ಕಿನ್ ನಗಲಿಲ್ಲ.

ಜನವರಿ 22

ಕುದುರೆ ಕೊಂಡವನು ರೇಸಿನವನಲ್ಲ. ಮಾಂಸದಂಗಡಿಯವನು. ತಕ್ಕಡಿಗೆ ಹತ್ತಿಸಿದ, ಕುದುರೆ ಸುಮ್ಮನೆ ಹತ್ತಿದಳು, ನಾನು ಜೊತೆಗಿದ್ದೆನಲ್ಲ. ಎಂಬತ್ತೆರಡು ಸಾವಿರ ಸೋಮ್. ಅಷ್ಟೂ ಹೆಡ್ಡಿಗೇ ಹೋಯಿತು. ಏನೂ ಅನ್ನಿಸಲಿಲ್ಲ. ಅವತ್ತು ಮನೆಗೆ ನಡೆದು ಬಂದೆ. ಬಾಗಿಲು ತೆಗೆಯಲು ಹೋದಾಗಲೇ ಗೊತ್ತಾದದ್ದು, ಅವಳ ಹಗ್ಗ ಇನ್ನೂ ನನ್ನ ಕೈಯಲ್ಲೇ—