ಎಂಜಿನ್ ನಿಂತ ಹೊತ್ತು

ಮನೆಯಿಂದ,
ಮಾರ್ಚ್ ೧೨, ಮಧ್ಯಾಹ್ನ

ಪುಟ್ಟಿಯ ಅಪ್ಪನಿಗೆ,

ಹೇಗಿದ್ದೀರಿ? ಎಂಜಿನ್ ರೂಮಿನ ಸೆಖೆಗೆ ಬೆನ್ನಿಗೆದ್ದ ಬೊಕ್ಕೆಗಳು ಆರಿದವೇ? ಊಟ ಸೇರುತ್ತಿದೆಯೇ? ಪುಟ್ಟಿಗೆ ಕೆಳಗಿನ ಎರಡು ಹಲ್ಲು ಬಂದಿವೆ. ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ, ಮುಖ್ಯವಾಗಿ ನನ್ನನ್ನು. ಫೋನಿನಲ್ಲಾದರೆ ನನಗೆ ಅಳು ಬರುತ್ತದೆ, ನಿಮಗೆ ಸಿಗ್ನಲ್ ಹೋಗುತ್ತದೆ. ಅದಕ್ಕೇ ಈ ಕಾಗದ. ನಿಮ್ಮ ಹಡಗಿನ ಅಡುಗೆಯವರು ರಜೆ ಮುಗಿಸಿ ನಾಳೆ ಹೊರಟಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ.

ಪುಟ್ಟಿ ನನ್ನ ಮಡಿಲಿಂದ ಜಾರಿದ ಸುದ್ದಿಯನ್ನು ಅತ್ತೆ ನಿಮಗೆ ಬಣ್ಣ ಕಟ್ಟಿ ಹೇಳಿದ್ದಾರೆ. ಬಣ್ಣ ತೆಗೆದರೆ ಇಷ್ಟು: ಕುರ್ಚಿಯಲ್ಲಿ ಕೂತು ಹಾಲು ಕುಡಿಸುತ್ತಿದ್ದೆ, ಕಣ್ಣು ಹತ್ತಿತು, ಮಗು ಪಕ್ಕದ ದಿಂಬಿನ ಮೇಲೆ ಜಾರಿತು. ಪೆಟ್ಟಾಗಲಿಲ್ಲ. ಅಂದಿನಿಂದ ಅವಳು ಮಲಗುವುದು ಅತ್ತೆಯ ಕೋಣೆಯಲ್ಲಿ. “ಉಂಡರೆ ನಿದ್ದೆ, ಎದ್ದರೆ ಆಕಳಿಕೆ. ಇಂಥವಳ ಕೈಗೆ ಕೂಸು ಕೊಡೋದಾ?” ಎಂದು ಹಾಲಿನವನ ಎದುರಿಗೂ ಹೇಳುತ್ತಾರೆ. ಈಗ ಬಾಟಲಿ ಹಾಲು ರೂಢಿ ಮಾಡಿಸಿ, ಭಾವನ ಮನೆಗೆ ಕರೆದೊಯ್ದು ತಾವೇ ಸಾಕುತ್ತಾರಂತೆ. ನೀವೂ “ಅಮ್ಮ ಹೇಳೋದ್ರಲ್ಲಿ ತಪ್ಪೇನಿದೆ” ಅಂದಿರಿ.

ನಿನ್ನೆ ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ಮದುವೆಯಾದ ಹೊಸದರಲ್ಲಿ ಮುಟ್ಟು ತಪ್ಪುತ್ತಿದ್ದಾಗ ಅಂಡಾಶಯದ ತೊಂದರೆ, ಪಿಸಿಓಎಸ್ ಎಂದು ಹೇಳಿದರಲ್ಲ, ಅವರೇ. ಹೆರಿಗೆಯಾಯಿತು, ಅಲ್ಲಿಗೆ ಆ ಕಾಯಿಲೆಯ ಕಥೆ ಮುಗಿಯಿತು ಎಂದುಕೊಂಡಿದ್ದೆವು. ಮುಗಿದಿಲ್ಲವಂತೆ. ರಕ್ತದಲ್ಲಿ ಸಕ್ಕರೆ ಏರಿದೆ. ನಿದ್ದೆ ಹೇಗಿದೆ ಎಂದು ಕೇಳಿದರು. ಈ ಮನೆಗೆ ಬಂದ ಮೇಲೆ ನನ್ನನ್ನು ಹಾಗೆ ಕೇಳಿದವರು ಅವರೊಬ್ಬರೇ. ಗೊರಕೆ ಇದೆಯಾ ಎಂದಾಗ ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ ನಿಮ್ಮ ರೆಕಾರ್ಡಿಂಗ್ ಹಾಕಿದೆ. ಕಳೆದ ರಜೆಯಲ್ಲಿ ನಾನು ಮಲಗಿದ್ದಾಗ ಮಾಡಿಕೊಂಡು, ‘ನಮ್ಮನೆಯ ಎರಡನೇ ಎಂಜಿನ್’ ಎಂದು ಹೆಸರಿಟ್ಟು ಮನೆಯವರ ಗ್ರೂಪಿಗೆ ಹಾಕಿದ್ದಿರಲ್ಲ, ಅದು. ಡಾಕ್ಟರಮ್ಮ ನಗಲಿಲ್ಲ. ಗೊರಕೆ ಜೋರಾದಾಗ ಚೀಟಿಯಲ್ಲಿ ಏನೋ ಬರೆದುಕೊಂಡರು. ಅದು ನಿಂತು, “ಅಗೋ, ಎಂಜಿನ್ ಆಫ್” ಎಂದು ನೀವು ಕಿಸಕ್ಕನೆ ನಕ್ಕಾಗ ಫೋನನ್ನು ಕಿವಿಗೆ ಒತ್ತಿಕೊಂಡರು. “ಇಲ್ಲಿ ಉಸಿರೇ ನಿಂತಿದ್ದ ಹಾಗಿದೆ ಕಣಮ್ಮಾ” ಎಂದರು.

ಉಸಿರು ನಿಲ್ಲುತ್ತದೆ, ದೇಹ ಬೆಚ್ಚಿ ಮತ್ತೆ ಎಳೆದುಕೊಳ್ಳುತ್ತದೆ, ರಾತ್ರಿಯಿಡೀ ಇದೇ ಆದರೆ ಹಗಲು ಕಣ್ಣು ಕೂಡುತ್ತದಂತೆ. ಪಿಸಿಓಎಸ್ ಇರುವ ಹೆಂಗಸರಲ್ಲಿ ಇದು ಹೆಚ್ಚಂತೆ. ನಿದ್ದೆ ಕೆಟ್ಟರೆ ಇನ್ಸುಲಿನ್ ಹೇಳಿದ ಮಾತನ್ನು ದೇಹ ಕೇಳುವುದಿಲ್ಲ, ಸಕ್ಕರೆಯೂ ತೂಕವೂ ಏರುತ್ತವೆ, ತೂಕ ಏರಿದಷ್ಟೂ ನಿದ್ದೆ ಇನ್ನಷ್ಟು ಕೆಡುತ್ತದೆ. ನಿದ್ದೆಯ ಪರೀಕ್ಷೆ ಆಗದೆ ಖಂಡಿತ ಹೇಳಲಾಗದು, ಹೌದೆಂದಾದರೆ ಮಲಗುವಾಗ ಮುಖಕ್ಕೆ ಗಾಳಿ ಒತ್ತುವ ಯಂತ್ರ ಹಾಕಿಕೊಳ್ಳಬೇಕು, ಹಗಲಿನ ಮಂಪರು ಇಳಿಯುತ್ತದೆ ಎಂದರು. ಅತ್ತೆಗೆ ಹೇಳಿದೆ. “ಗೊರಕೆಗೂ ಡಾಕ್ಟ್ರಾ? ನಿಮ್ಮ ಮಾವ ಗೊರಕೆ ಹೊಡ್ಕೊಂಡೇ ಎಪ್ಪತ್ತು ದಾಟಿದ್ರು” ಎಂದರು. ಅವರದು ಗೊರಕೆ, ನನ್ನದು ಸೋಮಾರಿತನ.

ಎಂಜಿನ್ ಸದ್ದು ಒಂದು ಚೂರು ಬದಲಾದರೂ ಗಾಢ ನಿದ್ದೆಯಲ್ಲೂ ಎಚ್ಚರಾಗುತ್ತದೆ ಎಂದು ಬೀಗುವವರು ನೀವು. ಪಕ್ಕದಲ್ಲಿ ಹೆಂಡತಿಯ ಉಸಿರು ನಿಂತರೆ ನಿಮಗೆ ನಗು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬುದು ಬರೀ ಗಾದೆ ಎಂದುಕೊಂಡಿದ್ದೆ. ನನ್ನ ಹಾಸಿಗೆಯ ಸುದ್ದಿ ಎಂದು ಗೊತ್ತಿರಲಿಲ್ಲ.

ಆರೋಗ್ಯ ನೋಡಿಕೊಳ್ಳಿ. ಒದ್ದೆ ಬನಿಯನ್ನಿನಲ್ಲೇ ಮಲಗಬೇಡಿ. ಪುಟ್ಟಿಯ ಮುತ್ತು ನಿಮಗೆ. ನನ್ನದನ್ನು ಸದ್ಯಕ್ಕೆ ಕೇಳಬೇಡಿ.

ಇಂತು,
ಪುಟ್ಟಿಯ ಅಮ್ಮ

ಮತ್ತೆ: ಕಾಗದ ಒಯ್ಯಲು ಬಂದ ಅಡುಗೆಯವರು ಬಾಗಿಲಲ್ಲಿ ಕಾಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ತಿಂಗಳ ಕೊನೆಯ ಭಾನುವಾರ ಭಾವ ಪುಟ್ಟಿಯನ್ನು ಕರೆದೊಯ್ಯಲು ಬರುತ್ತಾರೆ. ನಾನು ಕೊಡುವುದಿಲ್ಲ. ಅಷ್ಟರೊಳಗೆ ನಿಮ್ಮ ಅಮ್ಮನಿಗೂ ಅಣ್ಣನಿಗೂ ನೀವೇ ಹೇಳಿ. ಹೇಳದಿದ್ದರೆ ಅವರು ಬರುವ ಹೊತ್ತಿಗೆ ನಾವಿಬ್ಬರೂ ಈ ಮನೆಯಲ್ಲಿರುವುದಿಲ್ಲ. ತವರಿನಲ್ಲಿ ವಿಚಾರಿಸಬೇಡಿ, ಅಲ್ಲಿಯೂ ಹೇಳಿ ಹೋಗುವುದಿಲ್ಲ.