ಮುಂದಿನ ಸಾಲಿನ ಚೀಲ

ಬುಧವಾರ, ಬೆಳಗ್ಗೆ

ಪ್ರೀತಿಯ ಅಕ್ಕ,

ನಿನ್ನೆ ನೌಕರರ ಸಂಘದ ಸಭೆಯಲ್ಲಿ ಕಟಿಂಗ್ ವಿಭಾಗದ ಅಣ್ಣನನ್ನು ಬೀದಿಗೆ ಹಾಕಲು ನಿನ್ನ ಚೀಲ ಒಪ್ಪಿಗೆ ಕೊಟ್ಟಿತು.

ಕ್ಷೇಮ ಕೇಳಿ ನೀನು ಕಳಿಸಿದ ಚೀಟಿಗೆ ಇಷ್ಟು ದಿನ ಉತ್ತರಿಸದ್ದಕ್ಕೆ ಕ್ಷಮಿಸು. ಅಮ್ಮನ ಮಂಡಿನೋವು ಕಡಿಮೆಯಾಗಿದೆ. ಒಂದೇ ಸರ್ಕಾರಿ ಮುದ್ರಣಾಲಯದಲ್ಲಿ ನೀನು ಕೆಳಗೆ, ನಾನು ಮೇಲೆ ಇದ್ದುಕೊಂಡು ಪತ್ರ ಬರೆಯುವುದೇ ಎಂದು ನಗಬೇಡ. ಎದುರಿಗೆ ಬಂದರೆ "ಊಟ ಆಯ್ತೇನೋ?" ಎಂದು ನನ್ನ ಬಾಯಿ ಮುಚ್ಚಿಸುತ್ತೀಯ.

ಕಾಗದ ಕತ್ತರಿಸುವ ಯಂತ್ರದಲ್ಲಿ ಕೈ ಕಾಯುವ ಅಡ್ಡಕಂಬಿ ಬಿಚ್ಚಿಸಿದ್ದು ಮೇಲ್ವಿಚಾರಕ, ಕೆಲಸ ಬೇಗ ಸಾಗಲಿ ಎಂದು. ಬೆರಳು ಹೋದದ್ದು ಅಣ್ಣನದು. ಈಗ ತಪ್ಪೂ ಅವನದೇ ಅಂತೆ, ಅಮಾನತು ಮಾಡಿದ್ದಾರೆ. ಸಂಘ ಬೆನ್ನಿಗೆ ನಿಲ್ಲದಿದ್ದರೆ ಕೆಲಸವೂ ಹೋಯಿತು.

ಕುರ್ಚಿಗೆ ಚೀಲ ನೇತುಹಾಕಿ ಕ್ಯಾಂಟೀನಿಗೆ ಹೋಗುವ ವಿದ್ಯೆಯನ್ನು ನೀವೆಲ್ಲ ಸಂಘಕ್ಕೂ ತಂದಿದ್ದೀರಿ. ಸಭೆಯ ಹಾಲ್ ತುಂಬ ಕೊಡೆ, ಸ್ವೆಟರು, ಚೀಲ. ಊಟದ ಡಬ್ಬಿಯೊಂದು ಥೇಟ್ ತೂಕಡಿಸುವ ಸದಸ್ಯನ ಹಾಗೆ ವಾಲಿತ್ತು. ಅಧ್ಯಕ್ಷರು ಕಣ್ಣಾಡಿಸಿ, "ಸಾಮಾನು ಬಂದಿದೆ ಅಂದ್ರೆ ಆಸಾಮಿ ಬಂದಂಗೇ. ಕೋರಂ ಆಯ್ತು" ಎಂದರು. "ಕೇಸು ನಡೆಸೋಣ ಅನ್ನೋರು ಕೈ ಎತ್ತಿ. ಎತ್ತದೋರು ಬೇಡ ಅಂದಂಗೆ."

"ಚೀಲಕ್ಕೆಲ್ಲಿ ಕೈ, ಸ್ವಾಮಿ?" ಎಂದೆ.

"ಹಿಡಿಕೆ ಇದೆಯಲ್ಲಪ್ಪ!" ಎಂದರು. ಬಂದಿದ್ದ ಉಳಿದ ನಾಲ್ಕು ಜನರೂ ಹಲ್ಲು ಕಿರಿದರು. ಅಣ್ಣನ ಕೇಸು ಅಲ್ಲಿಗೆ ಬಿದ್ದುಹೋಯಿತು.

ಮೇಲ್ವಿಚಾರಕ ಕೆಟ್ಟವನು, ಅದು ಅವನ ಉದ್ಯೋಗ. ನೀವು ಒಳ್ಳೆಯವರು, ನನಗೆ ಹೇಸಿಗೆಯಾಗುವುದು ಅದಕ್ಕೇ. ನಿಮ್ಮ ಒಂದು ರಜೆ ಕತ್ತರಿಸಿದರೆ "ಸಂಘ ಏನ್ ಮಾಡ್ತಿದೆ?" ಎಂದು ಕೂಗುತ್ತೀರಿ. ನಿಮ್ಮ ಚೀಲ ಕಾಯ್ತಿದೆ, ಇನ್ನೇನು ಮಾಡುತ್ತೆ? ನಾನು ಓದುವ ಕರಪತ್ರಗಳನ್ನು ಪೊಟ್ಟಣ ಕಟ್ಟೋ ಕಾಗದ ಅಂತೀಯ. ಇರಲಿ. ಆ ಕಾಗದಕ್ಕೆ ನಿಮಗಿಂತ ಹೆಚ್ಚು ಬೆನ್ನೆಲುಬಿದೆ.

ನಿನ್ನೆ ರಾತ್ರಿಯೇ ಒಬ್ಬೊಬ್ಬರ ಬೆನ್ನು ಹತ್ತಿ ಸಹಿ ಹಾಕಿಸಿ ಮತ್ತೆ ಸಭೆ ಕರೆಸಿದ್ದೇನೆ. ಈ ಸಲ ಬಾಗಿಲಲ್ಲಿ ನಾನೇ ನಿಂತು ತಲೆ ಎಣಿಸುತ್ತೇನೆ. ಒಂದೇ ಒಂದು ಕೊಡೆಯನ್ನೂ ಲೆಕ್ಕಕ್ಕೆ ಹಿಡಿಯಲು ಬಿಡುವುದಿಲ್ಲ.

ಭಾವನಿಗೆ ನಮಸ್ಕಾರ, ಪುಟ್ಟಿಗೆ ಮುತ್ತು. ನಿನಗೆ ಒಳ್ಳೆಯದಾಗಲಿ, ಬೈದರೂ ಇದನ್ನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ.

ನಿನ್ನ ಮೊಂಡ ತಮ್ಮ

ಮತ್ತೆ: ಅಣ್ಣ ಕೂತಿದ್ದದ್ದು ಮುಂದಿನ ಸಾಲಿನಲ್ಲಿ, ನಿನ್ನ ಚೀಲದ ಪಕ್ಕದಲ್ಲೇ. ಯಾರೋ ಅದನ್ನು ಸರಿಸಿ ಕೂರಲು ಬಂದರೆ, ಬ್ಯಾಂಡೇಜಿನ ಕೈ ಅಡ್ಡ ಹಿಡಿದು, "ಅದು ಅಕ್ಕನ ಜಾಗ, ಬರ್ತಾರೆ" ಎಂದ. ಅಷ್ಟರಲ್ಲಿ ನಾನು ಕಿಟಕಿಯಿಂದ ನೋಡಿಯಾಗಿತ್ತು: ನೀನು ಕ್ಯಾಂಟೀನಿನ ಮುಂದೆ ಲೋಟ ಹಿಡಿದು ನಗುತ್ತಿದ್ದೆ. ಸಭೆ ಮುಗಿದ ಮೇಲೂ ಅವನು ಬಾಗಿಲ ಕಡೆಯೇ ನೋಡುತ್ತಿದ್ದ.

ಚೀಲ ಮನೆಯಲ್ಲೇ ಬಿಟ್ಟು ಬಾ. ಅದೇ ಹಾಲ್, ಶುಕ್ರವಾರ, ಸಂಜೆ ಐದೂವರೆಗೆ.