ಊರಿಗೆಲ್ಲ ಹೋದ ಪಾಠ

ಕ್ಷೌರದಂಗಡಿಯಿಂದ,
ಬುಧವಾರ ಮಧ್ಯಾಹ್ನ, ಮೇ ೧೪

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮಾ? ಬೆನ್ನುನೋವು ಇಳಿಯಿತೇ? ಅಳಿಯಂದಿರು ಕ್ಷೇಮವೇ? ಫೋನಿರುವಾಗ ಅಪ್ಪ ಕಾಗದ ಬರೆದನಲ್ಲ ಎಂದು ಗಾಬರಿಯಾಗಬೇಡ. ಗಾಬರಿಯೆಲ್ಲ ಬೆಳಿಗ್ಗೆಯೇ ನನ್ನ ಪಾಲಿಗೆ ಬಂದಿದೆ. ಫೋನಿನಲ್ಲಿ ಒಂದಕ್ಷರ ಒತ್ತಿದರೂ ಎಲ್ಲಿಗೆ ಹೋದೀತೋ ಎಂಬ ಭಯ.

ಅಳಿಯಂದಿರ ಭಾಷೆ ಕಲಿಯಲು ನೀನು ಮಾಡಿಕೊಟ್ಟ ಆನ್‌ಲೈನ್ ಹಾಳೆ ಇದೆಯಲ್ಲ, ಎಡಗಡೆ ನಮ್ಮ ಮಾತು, ಬಲಗಡೆ ಅವರ ಮಾತು, ನಾನು ಇಲ್ಲಿ ಬರೆಯುವುದು, ನೀನು ಅಲ್ಲಿಂದಲೇ ಕೆಂಪಕ್ಷರದಲ್ಲಿ ತಿದ್ದುವುದು. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ನನಗೆ ಬುದ್ಧಿ ಹೆಚ್ಚಾಯಿತು. ಗಿರಾಕಿಗಳಿಗೆ ‘ನಾಳೆ ನಿಮ್ಮ ಸರದಿ’ ಎಂದು ತಾನಾಗಿಯೇ ಮೆಸೇಜು ಹೋಗುವ ಏರ್ಪಾಟು ನಾನೇ ಮಾಡಿದೆ. ಯಾವ ಹಾಳೆಯಿಂದ ಕಳಿಸಲಿ ಎಂದು ಅದು ಕೇಳಿತು. ಸರದಿಯ ಹಾಳೆ ಬಿಟ್ಟು ಪಾಠದ ಹಾಳೆ ಒತ್ತಿದೆ. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು.

ಬೆಳಿಗ್ಗೆ ಬಾಗಿಲೆತ್ತಲು ಬಂದರೆ ಮೆಟ್ಟಿಲ ತುಂಬ ಜನ! ಎಡಗಡೆಯ ಸಾಲುಗಳೆಲ್ಲ ಎಲ್ಲರ ಫೋನಿಗೂ ಹೋಗಿದ್ದವು. ಅಂಕಿಗಳ ಪಾಠಕ್ಕೆಂದು ‘ಬ್ಯಾಂಕ್ ಮ್ಯಾನೇಜರ ತಲೆಯಲ್ಲಿ ಇಪ್ಪತ್ತು ಕೂದಲಿವೆ’ ಎಂದು ಬರೆದಿದ್ದೆ. ಪಾಪ, ಅವರು ಟೋಪಿ ಹಾಕಿಕೊಂಡು ಬಂದಿದ್ದರು. ಅದಾದರೂ ಹೋಗಲಿ, ಕೊನೆಯ ಸಾಲು ‘ಮುಂದಿನ ತಿಂಗಳು ನಾನು ಅಂಗಡಿ ಮುಚ್ಚುತ್ತೇನೆ.’ ಕಟ್ಟಡದ ಮಾಲೀಕರು ಬೇಕರಿಯವನೊಬ್ಬನನ್ನು ಕರೆತಂದು ಆಗಲೇ ಟೇಪು ಹಿಡಿದು ಮುಂಬಾಗಿಲು ಅಳೆಯುತ್ತಿದ್ದರು! ನಿನಗೆ ಲೆಕ್ಕ ಕಲಿಸಿದ ಮೇಷ್ಟ್ರು ನನ್ನ ಭುಜ ಹಿಡಿದು, “ಈ ವಯಸ್ಸಲ್ಲಿ ಇನ್ಯಾರಿಗಪ್ಪಾ ತಲೆ ಕೊಡ್ಲಿ ನಾನು?” ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಇಷ್ಟು ವರ್ಷ ಇವರೆಲ್ಲ ಕೂದಲು ಬೆಳೆದಿದ್ದಕ್ಕಷ್ಟೇ ಬರುತ್ತಾರೆ ಎಂದುಕೊಂಡಿದ್ದೆ.

ಅಷ್ಟರಲ್ಲಿ ನಿಮ್ಮಮ್ಮ ಸುದ್ದಿ ಕೇಳಿ ಒದ್ದೆ ಕೈಯನ್ನೂ ಒರೆಸದೆ ಓಡಿಬಂದಳು. “ನಂಗೊಂದು ಮಾತೂ ಹೇಳ್ದೆ ಮುಚ್ಚೋಷ್ಟು ದೊಡ್ಡೋರಾಗಿಬಿಟ್ರಾ?” ಅವಳ ಮುಖ ಬಿಳಿಚಿಕೊಂಡಿತ್ತು. “ಅಯ್ಯೋ, ಅದು ಪಾಠ ಕಣೇ, ಬರೀ ಪಾಠ” ಎಂದೆ. ಎಲ್ಲರೂ ನಕ್ಕರು, ಮ್ಯಾನೇಜರೂ ಟೋಪಿ ತೆಗೆದು ನಕ್ಕರು. ಮಾಲೀಕರು ಟೇಪು ಸುತ್ತಿಕೊಂಡು ಹೋದರು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಳಿಯಂದಿರನ್ನು ಕೇಳಿದೆನೆಂದು ಅವರ ಭಾಷೆಯಲ್ಲೇ ಹೇಳು. ಇಬ್ಬರೂ ನೂರು ಕಾಲ ತಣ್ಣಗಿರಿ.

ನಿನ್ನ ಅಪ್ಪ

ಇನ್ನೊಂದು ಮಾತು: ನಿಮ್ಮಮ್ಮನಿಗೆ ಸುಳ್ಳು ಹೇಳಿದೆ. ಅದು ಪಾಠವಲ್ಲ. ಬಲಗೈ ನಡುಗುತ್ತಿದೆ, ಈ ಅಕ್ಷರ ನೋಡಿದರೇ ತಿಳಿಯುತ್ತದೆ. ಇದು ವಾಸಿಯಾಗುವ ನಡುಕವಲ್ಲ ಎಂದರು ಡಾಕ್ಟರು. ಹೋದ ವಾರ ಮೇಷ್ಟ್ರ ಕಿವಿಯ ಹಿಂದೆ ಕತ್ತಿ ತಗುಲಿ ರಕ್ತ ಬಂತು. ಪುಣ್ಯಾತ್ಮರು ಯಾರಿಗೂ ಹೇಳಿಲ್ಲ. ಅಮ್ಮನಿಗೆ ನಾನೊಬ್ಬನೇ ಹೇಳಲಾರೆ, ಬೇಗ ಬಾ. ನಿನಗೊಬ್ಬಳಿಗಾದರೂ ತಿಳಿಯಲೆಂದೇ ಅಂಗಡಿ ಮುಚ್ಚುವ ಆ ಸಾಲು ಬರೆದಿದ್ದೆ ಮಗಳೇ. ನೀನು ಅದರ ಪಕ್ಕದಲ್ಲಿ ಕೆಂಪಕ್ಷರದಲ್ಲಿ, ‘ಭೇಷ್ ಅಪ್ಪಾ, ಒಂದೂ ತಪ್ಪಿಲ್ಲ’ ಎಂದು ಬರೆದೆ.